ಏಳು ಗೆಲುವು ಯಾರ ಪಾಲಿಗೆ

ಅಮೆರಿಕದ ಡೆಟ್ರಾಯಿಟ್ ಬಳಿಯ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಬಾಗಿಲುಗಳಿಗೆ ಉಕ್ಕಿನ ತಗಡು ಒತ್ತಿಕೊಡುವ ಒಂದು ಕಾರ್ಖಾನೆಯಿದೆ. ಗುರುಸಿದ್ದ ಅಲ್ಲಿ ಇಪ್ಪತ್ತು ವರ್ಷಗಳಿಂದ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ: ಒತ್ತುವಾಗ ತಗಡು ಸೀಳಿದರೆ ತಪ್ಪು ಯಾರದು? ಅಚ್ಚು ಮಾಡಿದವರು ಉಕ್ಕು ಕೆಟ್ಟದ್ದು ಎನ್ನುತ್ತಾರೆ. ಉಕ್ಕು ಕಳಿಸಿದವರು ಅಚ್ಚು ಕೆಟ್ಟದ್ದು ಎನ್ನುತ್ತಾರೆ. ಇಬ್ಬರೂ ದನಿ ಏರಿಸಿ ಸುಸ್ತಾದ ಮೇಲೆ ಗುರುಸಿದ್ದರನ್ನು ಕರೆಯುತ್ತಾರೆ. ಅವರು ತಗಡಿನ ಒಂದು ಚೂರನ್ನು ಯಂತ್ರಕ್ಕೆ ಸಿಕ್ಕಿಸಿ, ಅದು ಹರಿಯುವವರೆಗೆ ಎಳೆದು, ಉಕ್ಕಿನ ಪಾಲು ಇಷ್ಟು, ಅಚ್ಚಿನ ಪಾಲು ಇಷ್ಟು ಎಂದು ಹೇಳಿ ಕಾಫಿ ಕುಡಿಯಲು ಹೋಗುತ್ತಾರೆ. ಅಲ್ಲಿನ ಅಮೆರಿಕನ್ನರು ಅವರ ಹೆಸರನ್ನು ‘ಗುರು’ ಎಂದು ಮೊಟಕು ಮಾಡಿಕೊಂಡಿದ್ದಾರೆ. ಹೊಸದಾಗಿ ಸೇರಿದವರು ಅದನ್ನು ಬಿರುದು ಎಂದು ತಿಳಿದು ತುಸು ತಗ್ಗಿದ ದನಿಯಲ್ಲಿ ಮಾತಾಡುವುದುಂಟು. ಅದನ್ನು ತಿದ್ದುವ ಗೋಜಿಗೆ ಅವರು ಹೋಗಿಲ್ಲ.

ರಾಣೆಬೆನ್ನೂರಿನ ಕಡೆಯವರು, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದವರು, ಅರವತ್ತರ ಸಮೀಪದವರು. ಹೆಂಡತಿ ಶಿವಲಿಂಗಮ್ಮ ಗದಗಿನವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. “ನಾ ಔಷಧ ಕೊಟ್ಟು ಮಂದೀನ ಮಲಗಸ್ತೀನಿ. ಇವ್ರು ಬರೇ ಮಾತಿನಾಗ ಮಲಗಸ್ತಾರ” ಎನ್ನುವುದು ಅವರ ಹಳೆಯ ತಮಾಷೆ.

ಗುರುಸಿದ್ದರ ಕಷ್ಟವೆಂದರೆ ಕಾರ್ಖಾನೆಯ ಪ್ರಶ್ನೆ ಅವರ ಜೊತೆ ಮನೆಗೂ ಬರುತ್ತದೆ. ಮದುವೆ ಊಟದಲ್ಲಿ ಪಕ್ಕದವರು ಸಾರು ಅದ್ಭುತ ಎಂದರೆ ಇವರು ಬೇಳೆ ಯಾವ ಅಂಗಡಿಯದು ಎಂದು ಕೇಳುತ್ತಾರೆ. ಯಾರದೋ ಮಗ ಗಣಿತದಲ್ಲಿ ಬಹುಮಾನ ತಂದು ಎಲ್ಲರೂ ಟ್ಯೂಷನ್ ಮೇಷ್ಟ್ರನ್ನು ಹೊಗಳುತ್ತಿದ್ದರೆ, ಆ ಹುಡುಗ ಟ್ಯೂಷನ್‌ಗೆ ಸೇರುವ ಮೊದಲು ಎಷ್ಟು ಅಂಕ ತೆಗೆಯುತ್ತಿದ್ದ ಎಂದು ವಿಚಾರಿಸುತ್ತಾರೆ. ಮಾತಿನಲ್ಲಿ ಕೊಂಕು ಇರುವುದಿಲ್ಲ. ಅವರಿಗೆ ನಿಜವಾಗಿ ತಿಳಿಯಬೇಕಾಗಿರುತ್ತದೆ. ನಮ್ಮ ಕನ್ನಡ ಸಂಘದಲ್ಲಿ ಇದನ್ನು ಬಲ್ಲವರು ಅವರ ಎದುರಿಗೆ ಯಾರನ್ನೂ ಜೋರಾಗಿ ಹೊಗಳುವುದಿಲ್ಲ.

ಇಂಥವರಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು ಹಿಡಿದದ್ದು ಗೆಳೆಯ ವೀರೇಶ್‌ರಿಂದ. ವೀರೇಶ್ ಹಾವೇರಿಯವರು, ಸೀಟ್ ಬೆಲ್ಟ್ ಕಂಪನಿಯೊಂದರಲ್ಲಿ ಇಂಜಿನಿಯರು, ರಾಚೆಸ್ಟರ್ ಹಿಲ್ಸ್‌ನಲ್ಲಿ ಮನೆ. ಮಗಳು ವರ್ಷಾ ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಎತ್ತರ ಐದಡಿ ನಾಲ್ಕಿಂಚು. ಆ ಎತ್ತರ ಇಟ್ಟುಕೊಂಡು ಶಾಲೆಯ ತಂಡದಲ್ಲಿ ಆಡಿದಳು, ಫಿಸಿಯೊಥೆರಪಿ ಓದಿದಳು, ಆಮೇಲೆ ಓದಿದ್ದನ್ನು ಪಕ್ಕಕ್ಕಿಟ್ಟು ಸಹಾಯಕ ಕೋಚ್ ಆಗಿ ಊರೂರು ಅಲೆದಳು. ಮೂವತ್ತೊಂದನೆಯ ವಯಸ್ಸಿಗೆ ವಿಕ್ಸಮ್‌ನ ಕೈಗಾರಿಕಾ ಶೆಡ್‌ಗಳ ಹಿಂದಿರುವ ಹಿಕರಿ ರಿಜ್ ಎಂಬ ಸಣ್ಣ ಕಾಲೇಜಿನ ಮಹಿಳಾ ತಂಡಕ್ಕೆ ಮುಖ್ಯ ಕೋಚ್ ಆದಳು.

ಮಗಳ ಮೊದಲ ಪಂದ್ಯ ನೋಡಲು ವೀರೇಶ್‌ಗೆ ಒಬ್ಬರೇ ಕೂರುವ ಧೈರ್ಯವಿರಲಿಲ್ಲ.

“ಬಾರೋ ಗುರುಸಿದ್ದಣ್ಣ, ಸುಮ್ನ ಬಾಜೂಕ ಕೂಡು. ನನಗ ಎದಿ ಹೊಡಕೊಳ್ಳಾಕತ್ತೈತಿ.”

“ಆಟಾ ನನಗ ತಿಳಿಯಂಗಿಲ್ಲಲ್ಲೋ.”

“ನನಗರ ಎಲ್ಲಿ ತಿಳೀತೈತಿ? ಚೆಂಡು ಬುಟ್ಟಿಯೊಳಗ ಬಿದ್ರ ಚಪ್ಪಾಳಿ ಹೊಡಿಯೂದು.”

ಗುರುಸಿದ್ದ ಚಿಕ್ಕಂದಿನಲ್ಲಿ ಕಬಡ್ಡಿ ಆಡಿದವರು. ಅರ್ಧ ಪಂದ್ಯ ಮುಗಿಯುವುದರೊಳಗೆ ಎದ್ದು ನಿಂತಿದ್ದರು. ಸುಸ್ತಾದ ಹುಡುಗಿಯರಿಗೆ “ದಮ್ ಹಿಡಿ, ದಮ್ ಹಿಡಿ” ಎಂದೂ, ಗುರಿ ತಪ್ಪಿ ಪುಟಿದು ಬಂದ ಚೆಂಡಿಗೆ “ಹಿಡಿ, ಹಿಡಿ” ಎಂದೂ ಕೂಗಿದರು. ಕೆಲವು ವಾರಗಳಲ್ಲಿ ಆ ಹುಡುಗಿಯರೂ ಪುಟಿದ ಚೆಂಡಿಗೆ ಒಬ್ಬರಿಗೊಬ್ಬರು “ಹಿಡಿ” ಎಂದು ಕೂಗತೊಡಗಿದರು. ಎದುರಾಳಿ ತಂಡದವರಿಗೆ ಅದು ಯಾವ ಸಂಕೇತವೆಂದು ತಿಳಿಯಲಿಲ್ಲ. ವರ್ಷಾ ಹೇಳಲಿಲ್ಲ.

ಆ ಲೀಗಿನಲ್ಲಿ ಮಿಷಿಗನ್, ಇಲಿನಾಯ್ ಎರಡೂ ಕಡೆಯ ಒಂಬತ್ತು ಕಾಲೇಜುಗಳಿದ್ದವು. ಶಿಕಾಗೊ ಆಚೆಯ ಪಂದ್ಯಗಳಿಗೆ ಗೆಳೆಯರಿಬ್ಬರೂ ಶನಿವಾರ ಬೆಳಿಗ್ಗೆ ಶೇಂಗಾ ಚಟ್ನಿ, ರೊಟ್ಟಿ ಕಟ್ಟಿಕೊಂಡು ಹೊರಡುತ್ತಿದ್ದರು. ಯಾವ ಹುಡುಗಿಯನ್ನು ಮೊದಲು ಆಟಕ್ಕೆ ಇಳಿಸಬೇಕಿತ್ತು ಎಂದು ವಾದಿಸುತ್ತಾ ಹೆದ್ದಾರಿಯಿಂದ ಹೊರಬೀಳುವ ಎಕ್ಸಿಟ್ ತಪ್ಪಿಸಿಕೊಂಡು, ಇಂಡಿಯಾನಾದಲ್ಲಿ ಯಾವುದೋ ಗೋದಾಮಿನ ಮುಂದೆ ನಿಂತು ಫೋನಿನಲ್ಲಿ ದಾರಿ ಕೇಳಿದ್ದೂ ಇದೆ.

ಮೊದಲ ವರ್ಷ ತಂಡ ಇಪ್ಪತ್ತಾರು ಪಂದ್ಯಗಳಲ್ಲಿ ಇಪ್ಪತ್ತನ್ನು ಗೆದ್ದು ಲೀಗಿನ ಚಾಂಪಿಯನ್ ಆಯಿತು. ನಮ್ಮ ಸಂಘ ಸುಮ್ಮನಿರಲು ಸಾಧ್ಯವೆ? ಯುಗಾದಿ ಕಾರ್ಯಕ್ರಮದಲ್ಲಿ ಟ್ರಾಯ್‌ನ ಶಾಲೆಯೊಂದರ ವೇದಿಕೆಗೆ ವರ್ಷಾಳನ್ನು ಕರೆದು, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಒಬ್ಬರಾದ ಮೇಲೆ ಒಬ್ಬರು ಅವಳ ನಾಯಕತ್ವವನ್ನು ಕೊಂಡಾಡಿದರು. ಒಂದು ಪಂದ್ಯವನ್ನೂ ಬಿಡದೆ ನೋಡಿದವರೆಂದು ಗುರುಸಿದ್ದರಿಗೂ ಎರಡು ಮಾತಾಡಲು ಹೇಳಿದರು. ಅಲ್ಲೇ ಆದದ್ದು ಎಡವಟ್ಟು.

“ವರ್ಷಾಗ ಅಭಿನಂದನೆ” ಎಂದು ಅವರು ಶುರು ಮಾಡಿದರು. “ಆದರ ಒಂದು ಮಾತು. ಈ ತಂಡದಾಗಿನ ಐದೂ ಮುಖ್ಯ ಹುಡುಗೀರು ಈಕಿ ಬರೂಕಿಂತ ಮೊದಲ ಇದ್ದವರು. ಹೋದ ವರ್ಷ ಬ್ಯಾರೆ ಕೋಚ್ ಇದ್ದಾಗೂ ಹದಿನೆಂಟು ಗೆದ್ದವರು. ಹಿಂಗಾಗಿ ಇಪ್ಪತ್ತರಾಗ ಹುಡುಗೀರ ಪಾಲು ಎಷ್ಟು, ಕೋಚ್ ಪಾಲು ಎಷ್ಟು ಅನ್ನೂದು ಇನ್ನೂ ಗೊತ್ತಾಗಿಲ್ಲ. ಗೊತ್ತಾದ ಮ್ಯಾಲೆ ಹೇಳ್ತೀನಿ.”

ನಿರೂಪಣೆ ಮಾಡುತ್ತಿದ್ದವರು ಗಾಬರಿಯಲ್ಲಿ ಒಬ್ಬರೇ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಶಿವಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಮುಖವನ್ನೇ ಮುಚ್ಚಿಕೊಂಡರು. ವೇದಿಕೆಯ ಮೇಲೆ ನಕ್ಕವಳು ವರ್ಷಾ ಒಬ್ಬಳೇ. ನಕ್ಕ ರಭಸಕ್ಕೆ ಪೇಟ ಮೂಗಿನ ಮೇಲೆ ಬಿತ್ತು.

ಕಾರು ನಿಲ್ಲಿಸಿದ ಜಾಗದಲ್ಲಿ ಅವಳು ಗುರುಸಿದ್ದರನ್ನು ಹಿಡಿದಳು. ಅವಳ ಕನ್ನಡ ಮೈಸೂರಿನ ತಾಯಿಯಿಂದ ಬಂದದ್ದು.

“ಅಂಕಲ್, ಇವತ್ತಿನ ಸ್ಪೀಚ್‌ಗಳಲ್ಲಿ ನಂಗೆ ಅರ್ಥ ಆಗಿದ್ದು ನಿಮ್ಮದೊಂದೇ.”

“ಸಿಟ್ಟಾಗಿಲ್ಲೇನ್ ಯವ್ವಾ?”

“ಇಲ್ಲ. ನಾನೂ ಅದನ್ನೇ ಯೋಚ್ನೆ ಮಾಡ್ತಿದ್ದೆ. ಟೀಮ್ ಅಷ್ಟು ಚೆನ್ನಾಗಿತ್ತು, ನಾನು ಸೈಡಲ್ಲಿ ನಿಂತ್ಕೊಂಡು ಪಾಪ್‌ಕಾರ್ನ್ ತಿಂದಿದ್ರೂ ಗೆಲ್ತಿದ್ರು.”

ವೀರೇಶ್‌ಗೆ ಮಾತ್ರ ಅಷ್ಟು ಸುಲಭವಾಗಿ ನಗು ಬರಲಿಲ್ಲ. ಹಿಮವೆಲ್ಲ ಕರಗಿ ಹುಲ್ಲು ಕತ್ತರಿಸುವ ಕಾಲ ಬರುವವರೆಗೆ ಅವರು ಗೆಳೆಯನ ಫೋನ್ ಎತ್ತಲಿಲ್ಲ. ಕೊನೆಗೆ ಹುಲ್ಲಿನ ಯಂತ್ರ ಕೆಟ್ಟು, ಗುರುಸಿದ್ದರ ಯಂತ್ರ ಬೇಕಾಗಿ, ಮಾತು ಮತ್ತೆ ಶುರುವಾಯಿತು.

ಎರಡನೆಯ ವರ್ಷಕ್ಕೆ ಆ ಐವರಲ್ಲಿ ಮೂವರು ಓದು ಮುಗಿಸಿ ಹೋದರು. ಉಳಿದ ಇಬ್ಬರು ದೊಡ್ಡ ಕಾಲೇಜುಗಳು ಕರೆದದ್ದರಿಂದ ಅಲ್ಲಿಗೆ ಹೋದರು. ಈಗ ಆಟಗಾರರು ಹಾಗೆ ಹೋಗಬಹುದು, ಯಾರೂ ತಡೆಯುವಂತಿಲ್ಲ. ಬೇರೆ ಯಾವ ಕಾಲೇಜೂ ಅಷ್ಟಾಗಿ ಕೇಳದಿದ್ದ ಹೊಸ ಹುಡುಗಿಯರನ್ನು ಕಟ್ಟಿಕೊಂಡು ವರ್ಷಾ ಆರು ಪಂದ್ಯ ಗೆದ್ದಳು. ಮೂರನೆಯ ವರ್ಷ ಹನ್ನೊಂದು. ಇಪ್ಪತ್ತು, ಆರು, ಹನ್ನೊಂದು. ಕಾಲೇಜಿನವರ ಕಣ್ಣಿಗೆ ಕಂಡದ್ದು ಈ ಮೂರು ಸಂಖ್ಯೆ. ಮೊದಲು ಇದ್ದ ಕೋಚ್ ಕಟ್ಟಿದ್ದನ್ನು ಈಕೆ ಕೆಡವಿದಳು ಎಂಬ ಮಾತು ಹುಟ್ಟಿತು. ಅವಳ ಒಪ್ಪಂದ ಆ ಮಾರ್ಚಿಗೆ ಮುಗಿಯುತ್ತಿತ್ತು. ಮುಂದುವರಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ನಾಲ್ವರ ಸಮಿತಿಯೊಂದು ಕೂರುವುದಿತ್ತು.

ಕೊನೆಯ ಪಂದ್ಯ ಮುಗಿದ ವಾರ ವರ್ಷಾ ಗುರುಸಿದ್ದರ ಮನೆಗೆ ಬಂದಳು. ಚಹಾ ಮುಟ್ಟಲಿಲ್ಲ.

“ಅಂಕಲ್, ನೀವು ಫ್ಯಾಕ್ಟರೀಲಿ ಮಾಡ್ತೀರಲ್ಲ, ಸ್ಟೀಲ್ ತಪ್ಪೋ ಡೈ ತಪ್ಪೋ ಅಂತ. ಅದನ್ನ ನಂಗೂ ಮಾಡಿ.”

“ಅಲ್ಲವ್ವಾ, ತಗಡು ಮಾತಾಡಂಗಿಲ್ಲ, ಬ್ಯಾಸರ ಮಾಡ್ಕೊಳಂಗಿಲ್ಲ.”

“ನಾನೂ ಮಾಡ್ಕೊಳಲ್ಲ. ನಾನು ಒಳ್ಳೇ ಕೋಚ್ ಅಲ್ಲ ಅಂತ ಬಂದ್ರೆ ಕಮಿಟಿಗೆ ಮುಂಚೆ ನಾನೇ ಬಿಟ್ಬಿಡ್ತೀನಿ. ಕ್ಲಿನಿಕ್‌ನಲ್ಲಿ ಕೆಲಸ ಇದೆ, ಅಮ್ಮನಿಗೂ ಅದೇ ಇಷ್ಟ. ಆದ್ರೆ ಗೊತ್ತಿಲ್ದೇ ಬಿಡಕ್ಕೆ ನಂಗಿಷ್ಟ ಇಲ್ಲ.”

ಅವಳು ಹೋದ ಸ್ವಲ್ಪ ಹೊತ್ತಿಗೆ ವೀರೇಶ್ ಫೋನ್ ಮಾಡಿದರು.

“ಗುರುಸಿದ್ದಣ್ಣ, ಈ ಸಲ ತುಸು ಈ ಕಡೆ ವಾಲಸೋ. ಯಾರಿಗೆ ಗೊತ್ತಾಗ್ತೈತಿ?”

“ನಿನ್ನ ಮಗಳಿಗೆ ಗೊತ್ತಾಗ್ತೈತಿ.”

“ಅಕಿ ಹೋಗ್ಲಿ, ನನಗರ ಹೇಳು, ಅಕಿ ಛಲೋ ಕೋಚ್ ಹೌದೋ ಅಲ್ಲೋ?”

“ನೋಡಿ ಹೇಳ್ತೀನಿ.”

“ಮೂರು ವರ್ಷ ನೋಡೀದೆಲ್ಲೋ ಮಾರಾಯಾ, ಇನ್ನೇನ್ ನೋಡ್ತಿ?”

ಗುರುಸಿದ್ದ ಕೆಲಸಕ್ಕೆ ಕುಳಿತರು. ಯೋಚನೆ ಸರಳವಾಗಿತ್ತು. ಪ್ರತಿಭೆ ಇರುವ ತಂಡ ಯಾರು ಕೋಚ್ ಆದರೂ ಹೆಚ್ಚು ಗೆಲ್ಲುತ್ತದೆ. ಆದ್ದರಿಂದ ಒಂಬತ್ತೂ ತಂಡಗಳ ಪ್ರತಿಯೊಬ್ಬ ಆಟಗಾರ್ತಿಯ ಶಕ್ತಿಯನ್ನು ಅಂಕಗಳಲ್ಲಿ ಅಳೆಯಬೇಕು. ಅಂಥ ಆಟಗಾರ್ತಿಯರಿರುವ ತಂಡ ಸಾಮಾನ್ಯವಾಗಿ ಎಷ್ಟು ಗೆಲ್ಲಬೇಕು ಎಂದು ಲೆಕ್ಕ ಹಾಕಬೇಕು. ನಿಜವಾಗಿ ಗೆದ್ದದ್ದರಲ್ಲಿ ಅದನ್ನು ಕಳೆದರೆ ಉಳಿಯುವುದು ಕೋಚ್‌ನ ಪಾಲು, ಜೊತೆಗೆ ಒಂದಿಷ್ಟು ಅದೃಷ್ಟ. ಹುಡುಗಿಯರ ಆ ವರ್ಷದ ಆಟದ ಅಂಕಿಅಂಶಗಳೆಲ್ಲ ಲೀಗಿನ ಜಾಲತಾಣದಲ್ಲಿದ್ದವು. ಅವನ್ನು ತೆಗೆದುಕೊಂಡರು.

ಉತ್ತರ ಬಂತು. ವರ್ಷಾಳ ಹುಡುಗಿಯರು ಆಡಿದ ಮಟ್ಟಕ್ಕೆ ಆ ತಂಡ ಹನ್ನೊಂದು ಪಂದ್ಯ ಗೆಲ್ಲಬೇಕಿತ್ತು. ಗೆದ್ದದ್ದು ಹನ್ನೊಂದು. ಕೋಚ್ ಪಾಲು ಸೊನ್ನೆ.

ಅವರು ಇನ್ನೊಮ್ಮೆ ಕೂಡಿದರು. ಸೊನ್ನೆ. ಉಳಿದ ಎಂಟು ಕೋಚ್‌ಗಳ ಪಾಲೂ ಸೊನ್ನೆಯ ಆಸುಪಾಸಿನಲ್ಲೇ ಇತ್ತು. ಅದನ್ನು ಕಂಡಾಗಲಾದರೂ ಅನುಮಾನ ಬರಬೇಕಿತ್ತು. ಆದರೆ ವರ್ಷಾಳ ಸೊನ್ನೆಯ ಮುಂದೆ ಉಳಿದವು ಅವರ ಕಣ್ಣಿಗೆ ಬೀಳಲಿಲ್ಲ. ಎರಡು ದಿನ ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು.

ಆ ಭಾನುವಾರ ವೀರೇಶ್ ದಂಪತಿ ಮತ್ತು ವರ್ಷಾ ಊಟಕ್ಕೆ ಬರುವುದು ಮೊದಲೇ ಗೊತ್ತಾಗಿತ್ತು. ಊಟ ಮುಗಿದ ಮೇಲೆ ಹೇಳಿಬಿಡೋಣ ಎಂದು ಗುರುಸಿದ್ದ ನಿರ್ಧರಿಸಿದ್ದರು. ಹೊರಗೆ ಹಿಮ ಇನ್ನೂ ಕೊಳೆಯಾಗಿ ಬಿದ್ದಿತ್ತು. ಒಳಗೆ ಶಿವಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದರು. ಇಲ್ಲಿನ ಅಂಗಡಿಯ ಜೋಳದ ಹಿಟ್ಟು ಹಳೆಯದಾಗಿ ಜಿಗಿ ಕಳೆದುಕೊಂಡಿರುತ್ತದೆ, ಬಡಿದರೆ ಅಂಚು ಒಡೆಯುತ್ತದೆ. ಅದಕ್ಕೆ ಅವರು ಇಡೀ ಜೋಳ ತಂದು, ಹಸನು ಮಾಡಿ, ಮನೆಯ ಪುಟ್ಟ ಗಿರಣಿಯಲ್ಲಿ ತಾವೇ ಬೀಸಿಕೊಳ್ಳುತ್ತಾರೆ. ಹಂಚಿನ ಮೇಲೆ ರೊಟ್ಟಿ ಉಬ್ಬಿ ಉಬ್ಬಿ ಬರುತ್ತಿತ್ತು.

ಮೂರನೆಯ ರೊಟ್ಟಿ ಮುರಿಯುತ್ತಾ ವೀರೇಶ್ ಹೇಳಿದರು: “ವೈನಿ, ಏನಂದ್ರೂ ನಿಮ್ಮ ಕೈಗುಣನ ಬ್ಯಾರೆ ಬಿಡ್ರಿ.”

ಗುರುಸಿದ್ದರ ಬಾಯಿ ತಡೆಯಲಿಲ್ಲ. “ಹಿಟ್ಟು ಛಲೋ ಐತಿ. ಅಂಗಡಿ ಹಿಟ್ಟಾಗಿದ್ರ ಹಿಂಗ ಬರ್ತಿರಲಿಲ್ಲ.”

ಶಿವಲಿಂಗಮ್ಮ ಹಂಚಿನ ಕಡೆಯಿಂದ ತಿರುಗಲೂ ಇಲ್ಲ. “ಹೌದ್ರಿ, ಹಿಟ್ಟು ಛಲೋ ಐತಿ. ಆ ಜೋಳ ಹಸನ ಮಾಡಿದಾಕಿ ಯಾರು? ಬೀಸಿದಾಕಿ ಯಾರು? ನಾ ಮಾಡಿದ್ದೆಲ್ಲಾ ಹಿಟ್ಟಿನ ಲೆಕ್ಕಕ್ಕ ಬರಕೊಂಡು ನನ್ನ ಕೈಗೆ ಸೊನ್ನಿ ಕೊಡ್ತೀರಿ. ಛಲೋ ಐತಿ ನಿಮ್ಮ ಇಂಜಿನಿಯರಿಂಗು.”

ಎಲ್ಲರೂ ನಕ್ಕರು. ಗುರುಸಿದ್ದ ನಗಲಿಲ್ಲ. ಚಟ್ನಿ ಹಚ್ಚಿದ ತುತ್ತು ಕೈಯಲ್ಲೇ ನಿಂತಿತ್ತು. ಆಮೇಲೆ ನಿಧಾನವಾಗಿ ಅವರ ಮುಖ ಅರಳಿತು.

“ವರ್ಷಾ, ನಿನ್ನ ತಂಡದಾಗಿನ ಆ ಸ್ಟರ್ಲಿಂಗ್ ಹೈಟ್ಸ್‌ನ ಹುಡುಗಿ ಮರಿಯಮ್, ಆಕಿ ನಿನ್ನ ಹತ್ರ ಬಂದಾಗ ಹೆಂಗಿದ್ಲು?”

“ಮರಿಯಮ್? ಎಡಗೈ ಇದೆ ಅಂತಾನೇ ಅವಳಿಗೆ ಗೊತ್ತಿರ್ಲಿಲ್ಲ ಅಂಕಲ್. ಯಾಕೆ?”

“ನಾ ಆಕೀನ ಈಗಿನ ಲೆಕ್ಕದಾಗ ತೂಗೇನಿ. ತಗಡನ್ನ ಪ್ರೆಸ್‌ನಿಂದ ಹೊರಗ ಬಂದ ಮ್ಯಾಲೆ ತೂಗಿ, ನೋಡ್ರಿ ಉಕ್ಕು ಎಷ್ಟು ಛಲೋ ಐತಿ ಅಂದಂಗಾತು. ಒಳಗ ಹೋಗೂ ಮೊದಲ ತೂಗಬೇಕಿತ್ತು.” ಅವರು ಎದ್ದೇಬಿಟ್ಟರು.

“ಕೈ ತೊಳಕೊಂಡರ ಹೋಗ್ರಿ” ಎಂದರು ಶಿವಲಿಂಗಮ್ಮ.

ತಪ್ಪು ಎಲ್ಲಿತ್ತೆಂದು ಬಿಡಿಸಿ ಹೇಳುತ್ತೇನೆ. ಎರಡು ವರ್ಷ ವರ್ಷಾಳ ಕೈಯಲ್ಲಿ ಪಳಗಿದ ಹುಡುಗಿಯರ ಆಟವನ್ನೇ ‘ಪ್ರತಿಭೆ’ ಎಂದು ಬರೆದುಕೊಂಡರೆ, ಕಲಿಸಿದ್ದೆಲ್ಲ ಕಲಿತವರ ಖಾತೆಗೆ ಜಮೆಯಾಗುತ್ತದೆ. ಕೋಚ್‌ಗೆ ಏನೂ ಉಳಿಯುವುದಿಲ್ಲ, ಅವಳು ಎಷ್ಟೇ ದುಡಿದಿರಲಿ. ಈಗ ಗುರುಸಿದ್ದ ಒಂಬತ್ತೂ ತಂಡಗಳ ಹುಡುಗಿಯರು ಕಾಲೇಜಿಗೆ ಬರುವ ಮೊದಲು ಹೇಗಿದ್ದರೆಂದು ಹುಡುಕಿದರು: ಶಾಲೆಯ ಕೊನೆಯ ವರ್ಷದ ಆಟ, ಅವರನ್ನು ತಂಡಕ್ಕೆ ಕರೆದಿದ್ದ ಬೇರೆ ಕಾಲೇಜುಗಳು. ವಾರವಿಡೀ ಹಿಡಿಯಿತು. ಹೊಸ ಲೆಕ್ಕದಲ್ಲಿ ಕೋಚ್‌ಗಳು ಒಬ್ಬರಿಂದೊಬ್ಬರು ಬೇರೆಯಾಗಿ ಕಂಡರು. ಇಪ್ಪತ್ತೆರಡು ಗೆದ್ದಿದ್ದ ಶಿಕಾಗೊ ಕಡೆಯ ಒಂದು ತಂಡ ಅದರ ಪ್ರತಿಭೆಗೆ ಇಪ್ಪತ್ತಮೂರು ಗೆಲ್ಲಬೇಕಿತ್ತು. ವರ್ಷಾಳ ತಂಡ ಗೆಲ್ಲಬೇಕಾಗಿದ್ದದ್ದು ನಾಲ್ಕು, ಗೆದ್ದದ್ದು ಹನ್ನೊಂದು. ಅದೃಷ್ಟಕ್ಕೆಂದು ಆಚೀಚೆ ಮೂರು ಬಿಟ್ಟರೂ ಏಳು ದೊಡ್ಡ ಸಂಖ್ಯೆ. ಚಾಂಪಿಯನ್ ಆದ ವರ್ಷ? ಗೆಲ್ಲಬೇಕಾಗಿದ್ದದ್ದು ಹತ್ತೊಂಬತ್ತು, ಗೆದ್ದದ್ದು ಇಪ್ಪತ್ತು. ಅಲ್ಲಿ ಅವಳ ಪಾಲು ಇತ್ತೆಂದು ಹೇಳಲಾಗದು, ಇಲ್ಲವೆಂದೂ ಹೇಳಲಾಗದು.

ಅವರು ಎಲ್ಲವನ್ನೂ ಒಂದೇ ಪುಟಕ್ಕೆ ಇಳಿಸಿ ವರ್ಷಾಳಿಗೆ ಕಳಿಸಿದರು. ಅವಳು ಅದನ್ನು ಕಾಲೇಜಿಗೆ ಕಳಿಸಿದಳು. ಇದನ್ನು ಮಾಡಿದವರು ತಮ್ಮ ಮನೆಯ ಹಳೆಯ ಸ್ನೇಹಿತರು ಎಂದೂ ಮೇಲ್ಗಡೆ ಬರೆದಳು. ಸಮಿತಿ ಇಬ್ಬರನ್ನೂ ಕರೆಯಿತು.

ಸಮಿತಿಯ ಮುಖ್ಯಸ್ಥೆ ಕರೋಲ್, ಕಾಲೇಜಿನ ಕ್ರೀಡಾ ವಿಭಾಗವನ್ನು ನೋಡಿಕೊಳ್ಳುವ ಹೆಂಗಸು, ನೇರ ಮಾತಿನವರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅವರು ಪುಟದ ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ಕೇಳಿದರು: “ಎಲ್ಲ ಅರ್ಥವಾಯಿತು. ಆದರೆ ಇಲ್ಲಿ ಮೇಲೆ ಬರೆದಿದೆಯಲ್ಲ, ಕಾಯ್‌ಗೂನಾ. ಇದೇನು?”

ಗುರುಸಿದ್ದ ಬಾಗಿ ನೋಡಿದರು. ಲೆಕ್ಕ ಮಾಡುವಾಗ ತಮ್ಮ ಅನುಕೂಲಕ್ಕೆ ಆ ಕಾಲಮ್ಮಿಗೆ ‘ಕೈಗುಣ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಕೊಟ್ಟಿದ್ದರು. ಕಳಿಸುವಾಗ ಬದಲಿಸಲು ಮರೆತಿದ್ದರು.

ಅವರು ಬಾಯಿ ತೆರೆಯುವ ಮೊದಲೇ ಮೇಜಿನ ತುದಿಯಲ್ಲಿದ್ದ ಬಾಬ್ ತಲೆಯಾಡಿಸಿದರು. ಬಾಬ್ ಆ ಕಾಲೇಜಿನ ಹಳೆಯ ವಿದ್ಯಾರ್ಥಿ, ಕಾರು ಕಾರ್ಖಾನೆಯಿಂದ ನಿವೃತ್ತರು. ಡೆಟ್ರಾಯಿಟ್ ಸುತ್ತಲಿನ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರೆಲ್ಲ ಕೈಜೆನ್, ಕಾನ್‌ಬಾನ್ ಎಂಬ ಜಪಾನಿ ಹೆಸರಿನ ಪದ್ಧತಿಗಳನ್ನು ಕಲಿತು ಬೇಸತ್ತವರೇ.

“ನನಗೆ ಗೊತ್ತು. ಜಪಾನಿನದು” ಎಂದರು ಬಾಬ್. “ತೊಂಬತ್ತರ ದಶಕದಲ್ಲಿ ನಮ್ಮ ಪ್ಲಾಂಟಿಗೂ ತಂದಿದ್ದರು. ಪದ್ಧತಿ ಒಳ್ಳೆಯದೇ. ನಮ್ಮ ಯೂನಿಯನ್ನಿಗೆ ಇಷ್ಟವಾಗಲಿಲ್ಲ.”

ಉಳಿದವರು ಗೌರವದಿಂದ ಪುಟವನ್ನು ಮತ್ತೊಮ್ಮೆ ನೋಡಿದರು. ವರ್ಷಾ ತುಟಿ ಕಚ್ಚಿಕೊಂಡು ಮೇಜನ್ನೇ ನೋಡುತ್ತಿದ್ದಳು. ಸುಮ್ಮನಿದ್ದರೆ ಆ ಕಾಲಮ್ಮಿಗೆ ಜಪಾನಿನ ಬಲ ಸಿಕ್ಕಿಬಿಡುತ್ತಿತ್ತು. ಗುರುಸಿದ್ದರಿಗೆ ಸುಮ್ಮನಿರಲಾಗಲಿಲ್ಲ.

“ಜಪಾನಿನದಲ್ಲ. ನನ್ನ ಹೆಂಡತಿಯ ರೊಟ್ಟಿಯದು” ಎಂದರು.

ನಗು ನಿಂತ ಮೇಲೆ ವಿವರಿಸಿದರು. ಒಂದೇ ಹಿಟ್ಟು, ಒಂದೇ ಒಲೆ, ಆದರೂ ಇಬ್ಬರ ರೊಟ್ಟಿ ಬೇರೆಯಾಗುತ್ತದೆ. ಒಂದೇ ಔಷಧ ಕೊಟ್ಟರೂ ಕೆಲವು ಡಾಕ್ಟರ ಹತ್ತಿರ ಬೇಗ ವಾಸಿಯಾಗುತ್ತದೆಂದು ಜನ ನಂಬುತ್ತಾರೆ. ಸಾಮಗ್ರಿಯನ್ನೆಲ್ಲ ಕಳೆದ ಮೇಲೂ ಉಳಿಯುವ ಅದಕ್ಕೆ ತಮ್ಮ ಭಾಷೆಯಲ್ಲಿ ಕೈಗುಣ ಎನ್ನುತ್ತಾರೆ. ಕೈಯ ಒಳ್ಳೆಯತನ ಎಂದಿಟ್ಟುಕೊಳ್ಳಿ.

“ಹಾಗಾದರೆ ನಮ್ಮ ಪ್ಲಾಂಟಿಗೆ ತಂದದ್ದು ಏನು?” ಎಂದರು ಬಾಬ್. ಯಾರಿಗೂ ಗೊತ್ತಿರಲಿಲ್ಲ.

ಕರೋಲ್ ಮುಂದಕ್ಕೆ ಬಾಗಿದರು. “ನಿಮ್ಮ ಪುಟದ ಪ್ರಕಾರ ಚಾಂಪಿಯನ್ ಆದ ವರ್ಷ ನಮ್ಮ ಕೋಚ್ ಏನೂ ಮಾಡಲಿಲ್ಲ. ಇದನ್ನು ನಾವು ನಂಬಬೇಕೆ?”

ಉತ್ತರ ಕೊಟ್ಟದ್ದು ವರ್ಷಾ. “ಆ ವರ್ಷ ನೀವು ನನ್ನನ್ನು ಹೊಗಳಿದಾಗ ಈ ಅಂಕಲ್ ಹೊಗಳಲಿಲ್ಲ. ಗೆಲುವು ನನ್ನದೋ ಹುಡುಗಿಯರದೋ ಗೊತ್ತಿಲ್ಲವೆಂದು ಎಲ್ಲರ ಎದುರಿಗೆ ಹೇಳಿದರು. ಈಗ ನೀವು ಬೈಯುವಾಗ ಅದೇ ಲೆಕ್ಕ ನನ್ನ ಕಡೆಗಿದೆ. ನನಗೆ ಎರಡನ್ನೂ ಒಟ್ಟಿಗೇ ಒಪ್ಪಿಕೊಳ್ಳಬೇಕು ಅನಿಸುತ್ತದೆ.”

“ಒಳ್ಳೆಯ ಆಟಗಾರ್ತಿಯರನ್ನು ಹುಡುಕಿ ತರುವುದೂ ಕೋಚ್‌ನ ಕೆಲಸವಲ್ಲವೆ? ನೀನು ತಂದವರು ನಾಲ್ಕು ಗೆಲ್ಲುವಂಥವರು” ಎಂದರು ಕರೋಲ್.

ಗುರುಸಿದ್ದ ಕೈಯೆತ್ತಿದರು. “ಅದಕ್ಕೆ ಈ ಪುಟದಲ್ಲಿ ಉತ್ತರವಿಲ್ಲ. ಅದನ್ನು ಬೇರೆಯಾಗಿ ಅಳೆಯಬೇಕು.”

“ಅದನ್ನು ಅಳೆಯುವುದೇ ಬೇಡ” ಎಂದಳು ವರ್ಷಾ. “ಅದರಲ್ಲಿ ನನಗೆ ಕಡಿಮೆ ಅಂಕ. ನಾನು ತಡವಾಗಿ ಹೊರಟೆ, ಕೇಳಲು ಸಂಕೋಚಪಟ್ಟೆ. ಕಲಿಸುವುದು ನನಗೆ ಗೊತ್ತು. ಕರೆದು ತರುವುದನ್ನು ಇನ್ನೂ ಕಲಿಯಬೇಕು.”

ಗುರುಸಿದ್ದ ಅವಳ ಕಡೆ ನೋಡಿದರು. ಈ ಉತ್ತರದಿಂದ ಕೆಲಸ ಹೋಗಬಹುದಿತ್ತು. ಅವಳಿಗೂ ಅದು ಗೊತ್ತಿದ್ದಂತೆ ಕಂಡಿತು.

ಎರಡು ದಿನ ಬಿಟ್ಟು ತೀರ್ಮಾನ ಬಂತು. ವೀರೇಶ್ ಫೋನ್ ಮಾಡಿದರು. ಒಂದಷ್ಟು ಹೊತ್ತು ಏನು ಹೇಳುತ್ತಿದ್ದಾರೆಂದೇ ತಿಳಿಯಲಿಲ್ಲ.

“ಅಳ್ತೀಯೋ ನಗ್ತೀಯೋ? ಮೊದಲ ಅದನ್ನ ಹೇಳು” ಎಂದರು ಗುರುಸಿದ್ದ.

“ಎರಡೂ ಐತೋ. ಯಾವುದರ ಪಾಲು ಎಷ್ಟು ಅಂತ ಕೇಳಬ್ಯಾಡ ಮತ್ತ.”

ಇನ್ನೆರಡು ವರ್ಷ ಮುಂದುವರಿಸಿದ್ದರು. ವರ್ಷಾ ಕೇಳಿದ್ದು ಮೂರು. ಹುಡುಗಿಯರನ್ನು ಹುಡುಕಿ ಕರೆತರಲು ಅನುಭವವಿರುವ ಒಬ್ಬ ಸಹಾಯಕಿಯನ್ನು ನೇಮಿಸಿಕೊಳ್ಳಬೇಕೆಂದು ಷರತ್ತು. ತೀರ್ಮಾನದ ಪತ್ರದಲ್ಲಿ ಕರೋಲ್ ‘ಕೈಗುಣ’ ಎಂಬ ಪದವನ್ನು ಎರಡು ಸಲ ಬಳಸಿದ್ದರು. ಎರಡು ಸಲವೂ ಕಾಗುಣಿತ ಬೇರೆಬೇರೆ.

ಸಂಜೆ ವರ್ಷಾಳೇ ಫೋನ್ ಮಾಡಿದಳು. ಥ್ಯಾಂಕ್ಸ್ ಎಲ್ಲ ಆದ ಮೇಲೆ ಕೇಳಿದಳು:

“ಅಂಕಲ್, ಒಂದು ಡೌಟು. ಏಳು ಅಂತ ಬಂತಲ್ಲ, ಆ ಏಳಕ್ಕೆ ನಾನು ಮಾಡಿದ್ದೇನು? ನಿಜವಾಗ್ಲೂ ನಂಗೆ ಗೊತ್ತಿಲ್ಲ. ಗೊತ್ತಿದ್ರೆ ಇನ್ನೂ ಜಾಸ್ತಿ ಮಾಡ್ಬಹುದು.”

ಗುರುಸಿದ್ದರಿಗೂ ಗೊತ್ತಿರಲಿಲ್ಲ. ಮೂರು ವರ್ಷಗಳಲ್ಲಿ ಅವರು ಒಂದು ಪಂದ್ಯವನ್ನೂ ಬಿಟ್ಟಿರಲಿಲ್ಲ, ಆದರೆ ಒಂದು ಅಭ್ಯಾಸವನ್ನೂ ನೋಡಿರಲಿಲ್ಲ. “ಅದು ಸಂಖ್ಯಾದಾಗ ಇಲ್ಲವ್ವಾ. ಬಂದು ನೋಡಬೇಕು” ಎಂದರು.

ಏಪ್ರಿಲ್ಲಿನ ಒಂದು ಶನಿವಾರ ಗೆಳೆಯರಿಬ್ಬರೂ ವಿಕ್ಸಮ್‌ಗೆ ಹೋಗಿ ಅಂಗಣದ ಖಾಲಿ ಮೆಟ್ಟಿಲುಗಳ ಮೇಲೆ ಕುಳಿತರು. ಹುಡುಗಿಯರು ಬೆವರುತ್ತಿದ್ದರು, ನಗುತ್ತಿದ್ದರು. ಗುರುಸಿದ್ದ ಆಟದ ಕಡೆ ನೋಡದೆ ವರ್ಷಾಳನ್ನು ಮಾತ್ರ ನೋಡಿದರು. ಅವಳು ಕಿರುಚಲಿಲ್ಲ. ಶಿಳ್ಳೆ ಕೂಡ ಹೆಚ್ಚು ಊದಲಿಲ್ಲ. ಯಾವುದೋ ಹುಡುಗಿಯ ಹತ್ತಿರ ಹೋಗುವಳು, ಏನೋ ಹೇಳುವಳು, ಹುಡುಗಿ ಒಂದು ಕ್ಷಣ ಯೋಚಿಸುವಳು, ಮತ್ತೆ ಆಡುವಳು. ದೂರದಿಂದ ಅಷ್ಟೇ ಕಾಣುತ್ತಿತ್ತು.

ಅಭ್ಯಾಸ ಮುಗಿಯುತ್ತಿದ್ದಂತೆ ಮರಿಯಮ್ ಮೇಲಕ್ಕೆ ನೋಡಿ “ಗುರು, ಹಿಡಿ” ಎಂದು ಕೂಗಿ ಚೆಂಡನ್ನು ಎಸೆದಳು. ಅದನ್ನು ಹಿಡಿದ ತಪ್ಪಿಗೆ ಅವರನ್ನು ಕೆಳಗೆ ಎಳೆದೊಯ್ದು ಗೆರೆಯ ಮೇಲೆ ನಿಲ್ಲಿಸಿದರು. ಬುಟ್ಟಿಗೆ ಹದಿನೈದು ಅಡಿ. ಗುರುಸಿದ್ದ ಪ್ಯಾಂಟ್ ಮೇಲೆಳೆದುಕೊಂಡು ಎರಡೂ ಕೈಯಿಂದ ಎಸೆದರು. ಚೆಂಡು ಬುಟ್ಟಿಯನ್ನು ತಲುಪಲೇ ಇಲ್ಲ. ಹುಡುಗಿಯರು ಚಪ್ಪಾಳೆ ಹೊಡೆದರು.

ಮೊಣಕೈ ತಪ್ಪು, ಪಾದ ತಪ್ಪು, ಎಲ್ಲ ತಪ್ಪು ಎಂದು ಹೇಳಲು ಬೇಕಾದಷ್ಟಿತ್ತು. ವರ್ಷಾ ಪಕ್ಕಕ್ಕೆ ಬಂದು ನಿಂತು ಕೇಳಿದಳು: “ಅಂಕಲ್, ಎಸೆಯುವಾಗ ಏನು ನೋಡ್ತಿದ್ರಿ?”

ಗುರುಸಿದ್ದ ಯೋಚಿಸಿದರು. ನಿಜ ಹೇಳಬೇಕೆಂದರೆ ತಮ್ಮ ಕೈಗಳನ್ನೇ ನೋಡುತ್ತಿದ್ದರು. ಬುಟ್ಟಿಯನ್ನು ಒಮ್ಮೆಯೂ ನೋಡಿರಲಿಲ್ಲ. ಅದನ್ನೇ ಹೇಳಿದರು.

“ಓಕೆ” ಎಂದಳು ಅವಳು. ಇನ್ನೇನೂ ಹೇಳಲಿಲ್ಲ. ಚೆಂಡನ್ನು ಅವರ ಕೈಗೆ ಕೊಟ್ಟು ಕಾದಳು.

ಈ ಸಲ ಅವರು ಬುಟ್ಟಿಯ ಕಬ್ಬಿಣದ ಬಳೆಯನ್ನು ನೋಡುತ್ತಾ ಎಸೆದರು. ಚೆಂಡು ಬಳೆಗೆ ಠಣ್ಣೆಂದು ಬಡಿದು ಆಚೆ ಹೋಯಿತು. ಒಳಗೆ ಬೀಳಲಿಲ್ಲ, ಆದರೆ ಬಡಿಯಿತು. ಇಡೀ ಮಧ್ಯಾಹ್ನ ಅವಳು ಹುಡುಗಿಯರ ಹತ್ತಿರ ಹೋಗಿ ಏನು ಹೇಳುತ್ತಿದ್ದಳೆಂದು ಅವರಿಗೆ ಆಗ ತಿಳಿಯಿತು. ಅವಳು ಹೇಳುತ್ತಿರಲಿಲ್ಲ, ಕೇಳುತ್ತಿದ್ದಳು.

“ಗೊತ್ತಾತು ನೋಡವ್ವಾ” ಎಂದು ತಿರುಗಿದರು. “ನೀ ಏನ್ ಮಾಡ್ತಿ ಅಂತ.”

“ಏನು ಅಂಕಲ್?”

“ಹೇಳ್ತೀನಿ. ಮೊದಲ ಆ ಚೆಂಡು ಕೊಡು.”

ಮೇಲಿನಿಂದ ವೀರೇಶ್ ಕೂಗಿದರು: “ಗುರುಸಿದ್ದಣ್ಣ, ನಡೀಯೋ, ಟ್ರಾಫಿಕ್ ಆಗ್ತೈತಿ.”

ಗುರುಸಿದ್ದರಿಗೆ ಕೇಳಿಸಲಿಲ್ಲ. ಅವರು ಬಳೆಯನ್ನು ನೋಡುತ್ತಿದ್ದರು.